ಕಥೆಯ ಜನರಿಗಾಗಿ ಸುರಿಸುವ ಕಣ್ಣೀರು



ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ ನಾವು ಮನೆಕೂಟವನ್ನು ನಡಿಸಿ, ಪ್ರಾರ್ಥನೆ ಮುಗಿಸಿ, ಕಾಫಿ ಕುಡಿಯುತ್ತಾ ಕೂತಿದ್ದಾಗ ಸಭೆಯ ಹಿರಿಯರೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. "ಅಯ್ಯನವರೇ, ನಮ್ಮ ಮನೆಯ ಹೆಂಗಸರು ರಾತ್ರಿ ಟೀವಿಯ ಮುಂದೆ ಕೂತು ಅಳುತ್ತಾರೆ. ಯಾರಿಗಾಗಿ ಅಳುತ್ತೀರಿ ಅಂದರೆ ಧಾರಾವಾಹಿಯ ಸೊಸೆಗಾಗಿ ಅನ್ನುತ್ತಾರೆ. ಆ ಸೊಸೆ ಲೋಕದಲ್ಲಿ ಹುಟ್ಟಿಯೇ ಇಲ್ಲ. ಹುಟ್ಟದವಳಿಗಾಗಿ ಅಳುವದು ಸತ್ಯದೇವರನ್ನು ಆರಾಧಿಸುವವರಿಗೆ ತಕ್ಕದ್ದೋ?" ಅಷ್ಟರಲ್ಲಿ ಒಳಗಿನಿಂದ ಅವರ ಸ್ವಂತ ಸೊಸೆಯು, "ಮಾವನವರು ಕರ್ಣನ ಪಾರ್ಟು ನೋಡಿ ಅತ್ತದ್ದನ್ನೂ ಸ್ವಲ್ಪ ಕೇಳಿ, ಅಯ್ಯನವರೇ" ಅಂದಳು. ಎಲ್ಲರೂ ನಕ್ಕರು; ಹಿರಿಯರೂ ನಕ್ಕರು. ಆದರೆ ನಗು ಮುಗಿದ ಮೇಲೆಯೂ ಪ್ರಶ್ನೆಯು ಅಲ್ಲಿಯೇ ಉಳಿಯಿತು. ಆ ರಾತ್ರಿ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಯಾಗಲಿಲ್ಲ. ಅದನ್ನು ಈ ಪತ್ರಿಕೆಯ ಮೂಲಕ ಇನ್ನೊಮ್ಮೆ ವಿಚಾರಿಸುವದು ನಮ್ಮ ಉದ್ದೇಶವಾಗಿದೆ.

ಕರ್ಣನ ಪಾರ್ಟು ಎಂದರೆ ಏನೆಂದು ನಮ್ಮ ಸೀಮೆಯವರಿಗೆ ಹೇಳಬೇಕಾದದ್ದಿಲ್ಲ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ರಾಗಿಯು ಕಣದಿಂದ ಮನೆಗೆ ಸೇರಿದ ಬಳಿಕ ಕುರುಕ್ಷೇತ್ರದ ನಾಟಕವು ನಡೆಯುವದು. ಹಾರ್ಮೋನಿಯಮ್ ಬಾರಿಸುವ ನಾಟಕದ ಮಾಸ್ತರರು ತಿಂಗಳುಗಟ್ಟಲೆ ಕಲಿಸುವರು. ಪಾರ್ಟು ಕಟ್ಟುವವರು ತಮ್ಮ ಕೈಯಿಂದಲೇ ಹಣ ಕೊಟ್ಟು ಪಾರ್ಟು ತೆಗೆದುಕೊಳ್ಳುವರು. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು ಹಣ, ಸಣ್ಣ ಪಾರ್ಟಿಗೆ ಕಡಿಮೆ. ಹಗಲೆಲ್ಲಾ ಹೊಲದಲ್ಲಿ ಗೆಯ್ದವನು ರಾತ್ರಿ ಕಿರೀಟವಿಟ್ಟು ನಿಂತಾಗ ಅವನ ಹೆಂಡತಿಗೂ ಅವನು ಗುರುತು ಸಿಕ್ಕದೆ ಹೋಗುವನು. ಕುಂತಿಯು ಕರ್ಣನ ಬಳಿಗೆ ಬಂದು, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನೆಂದು ಹೇಳುವ ಹೊತ್ತಿಗೆ ನಡುರಾತ್ರಿಯು ಕಳೆದಿರುವದು. ಆ ವೇಳೆಯಲ್ಲಿ ಯಾರೂ ಎದ್ದು ಹೋಗರು. ನಮ್ಮ ಸಭೆಯವರಲ್ಲಿಯೂ ಕೆಲವರು ಗುಂಪಿನ ಅಂಚಿನಲ್ಲಿ ಕಂಬಳಿ ಹೊದ್ದು ಕೂತಿರುವದನ್ನು ನಾವು ಬಲ್ಲೆವು. ಹೆತ್ತ ತಾಯಿಯಿಂದ ಬಿಡಲ್ಪಟ್ಟವನ ದುಃಖಕ್ಕೆ ಮನಸ್ಸು ಕರಗುವದು ಪಾಪವೆಂದು ನಮಗೆ ತೋರುವದಿಲ್ಲ.

ಮೊದಲು ಕಥೆಯೆಂಬದು ಸುಳ್ಳೋ ಎಂಬದನ್ನು ನೋಡುವ. ಸುಳ್ಳು ತಾನು ಸುಳ್ಳೆಂಬದನ್ನು ಮರೆಮಾಡಿಕೊಂಡು ಬರುವದು. ಕೇಳುವವನಿಗೆ ನಷ್ಟ ಮಾಡಿ ಹೇಳುವವನಿಗೆ ಲಾಭ ಮಾಡುವದೇ ಅದರ ಕೆಲಸ. ಕಥೆಯಾದರೋ ಬಾಗಲಲ್ಲಿಯೇ ತಾನು ಕಥೆಯೆಂದು ಹೇಳಿ ಒಳಗೆ ಬರುವದು. ನಮ್ಮ ಕರ್ತನು ಜನರಿಗೆ ಉಪದೇಶಿಸುವಾಗ ಸಾಮ್ಯಗಳನ್ನು ಹೇಳಿದನು. ಮನೆಬಿಟ್ಟು ಹೋಗಿ ಹಂದಿಗಳ ನಡುವೆ ಹಸಿದು ಕೂತ ಕಿರಿಯ ಮಗನು ಯಾವ ಊರಿನವನು? ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿದವನ ಗಾಯಗಳಿಗೆ ಎಣ್ಣೆ ಹೊಯ್ದ ಸಮಾರ್ಯದವನ ಹೆಸರೇನು? ಯಾರಿಗೂ ತಿಳಿಯದು. ಹೆಸರಿಲ್ಲದ ಈ ಇಬ್ಬರನ್ನು ಎರಡು ಸಾವಿರ ವರ್ಷಗಳಿಂದ ಲೋಕವು ಮರೆತಿಲ್ಲ. ಆ ಕಾಲದ ಎಷ್ಟೋ ಅಧಿಕಾರಿಗಳ ಹೆಸರುಗಳು ಅಳಿದು ಹೋದವು. ನಮ್ಮ ಸಭೆಗಳ ಹಳಬರು ಸತ್ಯವೇದದ ತರುವಾಯ ಪ್ರೀತಿಯಿಂದ ಓದಿದ ಯಾತ್ರಿಕನ ಸಂಚಾರವೂ ಕಥೆಯೇ. ಇಂಗ್ಲೆಂಡಿನ ಜಾನ್ ಬನ್ಯನನು 1678ರಲ್ಲಿ ಅದನ್ನು ಪ್ರಕಟಿಸಿದನು. ಶಿಲುಬೆಯ ಮುಂದೆ ಯಾತ್ರಿಕನ ಬೆನ್ನ ಮೇಲಿನ ಹೊರೆಯು ಕಳಚಿ ಬಿದ್ದ ಗಳಿಗೆಯನ್ನು ಓದಿ ಸಮಾಧಾನ ಹೊಂದಿದವರು, ಅಂಥ ಯಾತ್ರಿಕನು ಹುಟ್ಟಿದ್ದನೋ ಎಂದು ಕೇಳಲಿಲ್ಲ. ಆದಕಾರಣ ಹುಟ್ಟದವರಿಗಾಗಿ ಅಳುವದು ತಾನೇ ತಪ್ಪೆಂದು ಹೇಳಲಾಗದು. ತಪ್ಪು ಇರುವದಾದರೆ ಅದು ಮುಂದಿನ ಹೆಜ್ಜೆಯಲ್ಲಿದೆ.

ಆ ಹೆಜ್ಜೆಯನ್ನು ತೋರಿಸುವದಕ್ಕೆ ದಾವೀದ ಅರಸನ ಸಂಗತಿಗಿಂತ ಉತ್ತಮವಾದದ್ದು ಇಲ್ಲ. ಎರಡನೆಯ ಸಮುವೇಲನ ಪುಸ್ತಕದ ಹನ್ನೆರಡನೆಯ ಅಧ್ಯಾಯವನ್ನು ತೆರೆದು ನೋಡಿರಿ. ಅರಸನು ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಊರೀಯನನ್ನು ಯುದ್ಧದ ಮುಂಭಾಗದಲ್ಲಿ ನಿಲ್ಲಿಸಿ ಸಾಯಿಸಿದ್ದನು. ಆಗ ಪ್ರವಾದಿಯಾದ ನಾತಾನನು ಬಂದು, ಒಬ್ಬ ಬಡವನಿಗೆ ಒಂದೇ ಒಂದು ಕುರಿಮರಿ ಇತ್ತೆಂದೂ, ಅದು ಅವನ ಮಕ್ಕಳ ಜೊತೆಯಲ್ಲಿಯೇ ಬೆಳೆಯಿತೆಂದೂ, ಮಂದೆಗಳುಳ್ಳ ಐಶ್ವರ್ಯವಂತನು ತನ್ನ ಅತಿಥಿಗೋಸ್ಕರ ಆ ಮರಿಯನ್ನು ಕಿತ್ತುಕೊಂಡನೆಂದೂ ಹೇಳಿದನು. ದಾವೀದನಿಗೆ ಕೋಪವು ಉಕ್ಕಿತು. ಆ ಐಶ್ವರ್ಯವಂತನು ಸಾಯತಕ್ಕವನೆಂದೂ, ಕುರಿಮರಿಗೆ ನಾಲ್ಕರಷ್ಟು ತೆರಬೇಕೆಂದೂ ತೀರ್ಪು ಮಾಡಿದನು. ಗಮನಿಸಿರಿ: ಕಥೆಯ ಬಡವನಿಗಾಗಿ ಮರುಗುವದಕ್ಕೆ ಅವನ ಹೃದಯದಲ್ಲಿ ಕನಿಕರವಿತ್ತು, ಕಥೆಯ ಅನ್ಯಾಯವನ್ನು ಖಂಡಿಸುವದಕ್ಕೆ ನ್ಯಾಯಬುದ್ಧಿಯೂ ಇತ್ತು. ಊರೀಯನಿಗಾಗಿ ಮಾತ್ರ ಈ ಎರಡೂ ಇರಲಿಲ್ಲ. ಪ್ರವಾದಿಯು ಆ ಐಶ್ವರ್ಯವಂತನು ಬೇರೆ ಯಾರೂ ಅಲ್ಲ, ಸಿಂಹಾಸನದ ಮೇಲೆ ಕೂತಿರುವವನೇ ಎಂದು ಬೆರಳಿಟ್ಟು ತೋರಿಸಿದ ಮೇಲೆಯೇ ಅರಸನಿಗೆ ತನ್ನ ಮುಖವು ಕಾಣಿಸಿತು.

ಕ್ರಿಸ್ತಸಭೆಯ ಪೂರ್ವಿಕರಲ್ಲಿ ಮಹಾ ಪಂಡಿತನಾಗಿದ್ದ ಅಗಸ್ಟೀನನು ಕ್ರಿಸ್ತಶಕ 354ರಲ್ಲಿ ಆಫ್ರಿಕ ಖಂಡದ ಉತ್ತರದಲ್ಲಿ ಹುಟ್ಟಿದವನು. ತನ್ನ ಪಾಪನಿವೇದನೆಯ ಪುಸ್ತಕದಲ್ಲಿ ಅವನು ಒಂದು ಸಂಗತಿಯನ್ನು ಹೇಳಿಕೊಂಡಿದ್ದಾನೆ. ಬಾಲಕನಾಗಿದ್ದಾಗ ಅವನು ವರ್ಜಿಲನೆಂಬ ಕವಿಯು ಬರೆದ ದೀದೋ ರಾಣಿಯ ಸಾವನ್ನು ಓದಿ ಅಳುತ್ತಿದ್ದನು. ದೇವರಿಂದ ದೂರವಾಗಿ ಸಾಯುತ್ತಿದ್ದ ತನ್ನ ಆತ್ಮಕ್ಕಾಗಿ ಮಾತ್ರ ಒಂದು ಹನಿಯೂ ಬರಲಿಲ್ಲ. ನಾಟಕದ ದುಃಖವನ್ನು ಕುರಿತು ಅವನು ಇನ್ನೊಂದು ಮಾತನ್ನು ತೋರಿಸಿಕೊಡುತ್ತಾನೆ: ಅಲ್ಲಿ ನೋಡುವವನನ್ನು ಯಾರೂ ಸಹಾಯಕ್ಕೆ ಕರೆಯುವದಿಲ್ಲ, ಬರೇ ದುಃಖಪಡುವದಕ್ಕೆ ಕರೆಯುತ್ತಾರೆ. ಹದಿನಾರು ನೂರು ವರ್ಷಗಳ ಕೆಳಗಿನ ಈ ಮಾತು ನಮ್ಮ ಮನೆಗಳ ಟೀವಿಗೂ ಕೈಯಲ್ಲಿರುವ ಮೊಬೈಲಿಗೂ ಸಲ್ಲುವದು. ಕಥೆಯವಳು ನಮ್ಮ ಬಾಗಲಿಗೆ ಬಂದು ಒಂದು ಸೇರು ರಾಗಿ ಕೇಳುವದಿಲ್ಲ. ಆಸ್ಪತ್ರೆಗೆ ಜೊತೆಗೆ ಬರಬೇಕೆನ್ನುವದಿಲ್ಲ. ನಮ್ಮ ಪಕ್ಕದ ಚಾಪೆಯಲ್ಲಿ ಕೂರುವದಿಲ್ಲ. ಅವಳಿಗಾಗಿ ಅಳುವದಕ್ಕೆ ಖರ್ಚಿಲ್ಲ. ಖರ್ಚಿಲ್ಲದ ಈ ಕಣ್ಣೀರು ನಮಗೆ, ನಾವು ಕನಿಕರವುಳ್ಳವರೆಂಬ ಒಂದು ಸಾಕ್ಷಿಪತ್ರವನ್ನು ಕೊಟ್ಟು ಮಲಗಿಸಿಬಿಡುವದು. ಅಪಾಯವು ಇಲ್ಲಿಯೇ ಇದೆ.

ಇದನ್ನು ನಮ್ಮ ಸೀಮೆಯ ಕಥೆಗಳಿಂದಲೇ ಪರೀಕ್ಷಿಸಿ ನೋಡುವ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರು 1970ರಲ್ಲಿ ಗೃಹಭಂಗವೆಂಬ ಕಾದಂಬರಿಯನ್ನು ಪ್ರಕಟಿಸಿದರು. ಗಿರೀಶ ಕಾಸರವಳ್ಳಿಯವರು ಅದನ್ನು ದೂರದರ್ಶನದ ಧಾರಾವಾಹಿಯಾಗಿ ಮಾಡಿದ್ದರಿಂದ ಓದು ಬಾರದವರೂ ಆ ಕಥೆಯನ್ನು ಬಲ್ಲರು. ಈ ಲೇಖಕರ ಎಲ್ಲಾ ಅಭಿಪ್ರಾಯಗಳನ್ನು ನಾವು ಒಪ್ಪುವವರಲ್ಲ. ಆದರೆ ಅವರ ನಂಜಮ್ಮನನ್ನು ಓದಿದ ಯಾವ ಹೆಣ್ಣುಮಗಳೂ ಆಕೆಯನ್ನು ಪರಕೀಯಳೆಂದು ಎಣಿಸಲಾರಳು. ಶಾನುಭೋಗಿಕೆಯ ಮನೆಗೆ ಸೊಸೆಯಾಗಿ ಬಂದ ನಂಜಮ್ಮನು, ಉಣ್ಣುವದನ್ನು ಬಿಟ್ಟು ಬೇರೇನನ್ನೂ ಅರಿಯದ ಗಂಡನಿಗೆ ಬದಲಾಗಿ ತಾನೇ ಲೆಕ್ಕದ ಪುಸ್ತಕಗಳನ್ನು ಬರೆಯುವಳು. ಮುತ್ತುಗದ ಎಲೆಗಳನ್ನು ಹಚ್ಚಿ ಮಕ್ಕಳನ್ನು ಸಾಕುವಳು. ಅತ್ತೆಯ ಬೈಗಳನ್ನು ಮೌನವಾಗಿ ನುಂಗುವಳು. ಆ ಬಳಿಕ ಪ್ಲೇಗು ಬರುವದು. ಬೆಳೆದ ಮಗಳೂ ಮಗನೂ ಒಟ್ಟಿಗೆ ಹೋಗುವರು.

ಪ್ಲೇಗೆಂಬದು ನಮ್ಮ ಸೀಮೆಯಲ್ಲಿ ಕಥೆಯಾಗಿರಲಿಲ್ಲ. 1898ರಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟ ಮೇಲೆ ಮೈಸೂರು ಸೀಮೆಯು ಅನೇಕ ವರ್ಷ ಅದರ ಭಯದಲ್ಲಿ ಬಾಳಿತು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿತ್ತು. ಭೈರಪ್ಪನವರು ತಾವೇ ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಆ ರೋಗಕ್ಕೆ ಕಳಕೊಂಡವರು. ಹೀಗಿರಲಾಗಿ ನಂಜಮ್ಮನು ಹುಟ್ಟದವಳೆಂದು ಹೇಳುವದು ಅರ್ಧ ಮಾತ್ರ ನಿಜ. ಹೆಸರಿಲ್ಲದೆ ಸತ್ತ ಅನೇಕ ತಾಯಂದಿರ ಹೆಸರು ನಂಜಮ್ಮ. ಆಕೆಯೂ ತೀರಿಹೋದ ಬಳಿಕ ಉಳಿದ ಚಿಕ್ಕ ಮಗನನ್ನು ಸ್ವಂತ ಮನೆಯವರು ನೋಡಲಿಲ್ಲ. ಭಿಕ್ಷೆಯೆತ್ತಿ ಬಾಳುತ್ತಿದ್ದ ಬೇರೆ ಕುಲದ ಮಹಾದೇವಯ್ಯನು ಅವನ ಕೈಹಿಡಿದು ಕರಕೊಂಡು ಹೋಗುವನು. ನೆರೆಯವನು ಯಾರೆಂಬ ಪ್ರಶ್ನೆಗೆ ಕರ್ತನು ಹೇಳಿದ ಉತ್ತರವು ನಮಗೆ ಅಲ್ಲಿ ನೆನಪಾಗುವದು. ಆ ಪುಸ್ತಕವನ್ನು ಮುಚ್ಚಿದ ಮೇಲೆ, ನಮ್ಮ ಸಭೆಯಲ್ಲಿ ತಾಯಿ ಸತ್ತು ತಂದೆ ಕುಡಿಯುವ ಮನೆಯ ಮಗುವು ಯಾವದೆಂದು ಕೇಳಿಕೊಳ್ಳದಿದ್ದರೆ ನಾವು ಓದಿದ್ದು ಓದಲ್ಲ.

ಎರಡನೆಯದಾಗಿ ಹೇಮಾವತಿಯ ದಡದ ಗೊರೂರು. ಅಲ್ಲಿಯ ರಾಮಸ್ವಾಮಿ ಅಯ್ಯಂಗಾರ್ಯರು 1904ರಲ್ಲಿ ಹುಟ್ಟಿ 1991ರ ವರೆಗೆ ಬಾಳಿದರು; ಹಳ್ಳಿಯ ಚಿತ್ರಗಳನ್ನು ನಗುನಗುತ್ತಾ ಬರೆದವರು. ಅವರ ಕಥೆಯಿಂದ ಹುಟ್ಟಿದ ಭೂತಯ್ಯನ ಮಗ ಅಯ್ಯು ಎಂಬ ಚಲಚ್ಚಿತ್ರವು 1974ರಲ್ಲಿ ಬಂದಿತು. ಊರನ್ನೆಲ್ಲಾ ಸಾಲದಲ್ಲಿ ಸಿಕ್ಕಿಸಿ ಹಿಂಡಿದ ಭೂತಯ್ಯನು ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರವರು ಬಾರದೆ ಹೋಗುವ ಗಳಿಗೆಯನ್ನು ನೋಡಿದವರು ಮರೆತಿಲ್ಲ. ಅದನ್ನು ನೋಡಿ, ಸರಿಯಾದ ಶಾಸ್ತಿಯಾಯಿತೆಂದು ತೊಡೆ ತಟ್ಟಿದವರು ನಮ್ಮಲ್ಲಿಯೂ ಇದ್ದಾರೆ. ಒಳ್ಳೇದು. ಆದರೆ ಸಭೆಯ ಬಡ ಸಹೋದರನಿಗೆ ಮಗಳ ಮದುವೆಯ ವೇಳೆಯಲ್ಲಿ ನೂರಕ್ಕೆ ಐದರಂತೆ ತಿಂಗಳ ಬಡ್ಡಿಗೆ ಹಣ ಕೊಟ್ಟವನು, ಭಾನುವಾರ ಅವನ ಪಕ್ಕದಲ್ಲಿಯೇ ಕೂತು ಹಾಡುವಾಗ ಯಾರ ಪಾರ್ಟು ಕಟ್ಟಿದ್ದಾನೆ? ಕಥೆ ಕೇಳುವಾಗ ನಾವೆಲ್ಲರೂ ಅನ್ಯಾಯಕ್ಕೊಳಗಾದವನ ಪಕ್ಕದಲ್ಲಿಯೇ ಕೂತುಕೊಳ್ಳುತ್ತೇವೆ. ಅನ್ಯಾಯ ಮಾಡುವವನ ಕುರ್ಚಿಯು ಯಾವಾಗಲೂ ಖಾಲಿಯಾಗಿರುವದು. ದಾವೀದನೂ ಹಾಗೆಯೇ ಕೂತಿದ್ದನು.

ಮೂರನೆಯ ಕಥೆಯು ನಮ್ಮನ್ನು ಇನ್ನೂ ಹತ್ತಿರದಿಂದ ಮುಟ್ಟುವದು. ಶಿವರಾಮ ಕಾರಂತರು 1933ರಲ್ಲಿ ಬರೆದ ಚೋಮನ ದುಡಿಯು ದಕ್ಷಿಣ ಕನ್ನಡದ ಕಥೆ. ಬಿ. ವಿ. ಕಾರಂತರು 1975ರಲ್ಲಿ ಅದನ್ನು ಚಿತ್ರವಾಗಿ ತೆಗೆದರು. ಆ ಚಿತ್ರಕ್ಕೆ ದೇಶದ ಉತ್ತಮ ಚಿತ್ರವೆಂಬ ಸ್ವರ್ಣಕಮಲವು ದೊರೆಯಿತು. ಚೋಮನು ಜೀತದ ಹೊಲೆಯನು. ಅವನಿಗೆ ಎರಡು ಎತ್ತುಗಳಿವೆ. ಉಳುವದಕ್ಕೆ ಒಂದು ತುಂಡು ಭೂಮಿ ಬೇಕೆಂಬದೇ ಅವನ ಒಂದೇ ಆಸೆ. ಅದು ದೊರೆಯದು. ಮನಸ್ಸಿನ ಸಂಕಟವನ್ನೆಲ್ಲಾ ಅವನು ದುಡಿಯ ಮೇಲೆ ಬಾರಿಸುವನು. ಅವನ ಚಿಕ್ಕ ಮಗನು ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದವನೆಂಬ ಕಾರಣಕ್ಕೆ ಅವನನ್ನು ಎತ್ತುವ ಕೈ ಇಲ್ಲದೆ ಹೋಗುವದು. ನಮ್ಮ ಸಭೆಗಳಲ್ಲಿ ಅನೇಕರ ಅಜ್ಜ ಮುತ್ತಜ್ಜಂದಿರು ಚೋಮನ ಸ್ಥಾನದಲ್ಲಿಯೇ ಇದ್ದವರು. ಆದಕಾರಣ ಈ ಕಥೆಯನ್ನು ಕೇಳುವಾಗ ನಾವೇ ಚೋಮನೆಂದು ತಿಳಿದುಕೊಳ್ಳುವದು ನಮಗೆ ಸುಲಭ. ಅದಕ್ಕೆ ನಮಗೆ ಹಕ್ಕೂ ಉಂಟು.

ಆದರೆ ಪ್ರಿಯರೇ, ಆ ಕಥೆಯಲ್ಲಿ ನಮ್ಮವನು ಇನ್ನೊಬ್ಬನಿದ್ದಾನೆ. ಕಾಫಿ ತೋಟದ ರೈಟರು ಮನ್ವೇಲನು ಕ್ರೈಸ್ತ ಹೆಸರಿನವನು. ಸಾಲದ ಲೆಕ್ಕ ಅವನ ಕೈಯಲ್ಲಿತ್ತು; ಚೋಮನ ಮಗಳು ಬೆಳ್ಳಿಯು ಆ ತೋಟಕ್ಕೆ ಕೂಲಿಗೆ ಬಂದಾಗ ಅವನು ಅವಳನ್ನು ಕೆಡಿಸಿದನು; ಅವನ ತರುವಾಯ ತೋಟದ ಒಡೆಯನು ಕೆಡಿಸಿದನು. ಕ್ರೈಸ್ತನಾದರೆ ಭೂಮಿ ದೊರೆಯಬಹುದೆಂಬ ಆಸೆಯಿಂದ ಹೊರಟ ಚೋಮನು ತನ್ನ ದೈವವನ್ನು ನೆನಸಿ ನಡುದಾರಿಯಿಂದ ಹಿಂತಿರುಗಿದನೆಂದು ಕಾರಂತರು ಬರೆದಿದ್ದಾರೆ. ಇದನ್ನು ಓದಿ ನಮ್ಮವರಲ್ಲಿ ಕೆಲವರು, ಬರೆದವರು ನಮ್ಮ ಮತವನ್ನು ಹೀನೈಸಿದರೆಂದು ಬೇಸರಪಟ್ಟಿದ್ದಾರೆ. ನಾವೂ ಒಮ್ಮೆ ಹಾಗೆ ಬೇಸರಪಟ್ಟೆವು. ಈಗ ನಮಗೆ ಬೇರೆಯಾಗಿ ತೋರುವದು. ನಾತಾನನ ಮಾತು ದಾವೀದನಿಗೆ ಸಿಹಿಯಾಗಿರಲಿಲ್ಲ. ಹೊರಗಿನವನೊಬ್ಬನು ಹೇಳಿದ ಕಥೆಯಲ್ಲಿ ನಮ್ಮ ಹೆಸರಿನವನು ಕೆಟ್ಟವನಾಗಿ ಬಂದರೆ, ಅಂಥವನು ನಮ್ಮಲ್ಲಿ ಇಲ್ಲವೆಂದು ಕೂಗುವದಕ್ಕೆ ಮುಂಚೆ, ಇದ್ದಾನೋ ಎಂದು ನೋಡುವದು ವಿವೇಕ. ಸಕಲೇಶಪುರದ ಕಡೆಯ ತೋಟಗಳಿಗೆ ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿ ನೋಡಿರಿ: ಮೇಸ್ತ್ರಿಯಾದ ಕ್ರೈಸ್ತನೂ ಮೇಸ್ತ್ರಿಯಾದ ಬೇರೆಯವನೂ ಅವರಿಗೆ ಒಂದೇ ಆಗಿ ಕಾಣುವರೋ? ಒಂದೇ ಆಗಿ ಕಾಣುವದಾದರೆ, ಚೋಮನು ಹಿಂತಿರುಗಿದ್ದಕ್ಕೆ ನಾವು ಬೇರೆ ಯಾರನ್ನೂ ದೂರುವಂತಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಸ್ವಂತ ತಪ್ಪನ್ನು ಮುಚ್ಚಿಟ್ಟರೆ ಈ ಲೇಖನವೇ ಸುಳ್ಳಾಗುವದು. ನಾವು ನೋಡಿಕೊಳ್ಳುವ ಒಂದು ಚಿಕ್ಕ ಸಭೆಯಲ್ಲಿ ಒಬ್ಬ ಸಹೋದರಿಯಿದ್ದಳು. ಸ್ತ್ರೀಯರ ಕೂಟದಲ್ಲಿ ಹಾಡನ್ನು ಎತ್ತಿ ಕೊಡುವವಳು ಅವಳೇ. ಎರಡನೆಯ ಬಾಣಂತನದ ಬಳಿಕ ಅವಳ ಮನಸ್ಸು ಕದಡಿತು. ಮನೆಯವರು ಪಟ್ಟಣದ ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿಸಿದರು. ಒಂದು ವರುಷವಾದ ಮೇಲೆ ಅವಳು ಗುಣವಾಗಿ ಬಂದಳು. ಮಾತ್ರೆಗಳನ್ನು ತಪ್ಪದೆ ತಿನ್ನುತ್ತಿದ್ದಳು. ಮಗುವನ್ನು ತಾನೇ ಮೀಯಿಸುತ್ತಿದ್ದಳು.

ಆ ದಿವಸಗಳಲ್ಲಿಯೇ ಒಂದು ರಾತ್ರಿ ಟೀವಿಯಲ್ಲಿ ಶರಪಂಜರವು ಬಂದಿತು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1971ರಲ್ಲಿ ಮಾಡಿದ ಚಿತ್ರವದು. ಅದರಲ್ಲಿ ಕಾವೇರಿಯೆಂಬ ಗೃಹಿಣಿಯು ಹೆರಿಗೆಯ ಬಳಿಕ ಮನೋರೋಗಕ್ಕೆ ಸಿಕ್ಕಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಹಿಂತಿರುಗುವಳು. ರೋಗವು ಹೋಗಿತ್ತು, ಆದರೆ ಅವಳ ಮೇಲಿನ ಸಂಶಯವು ಹೋಗಿರಲಿಲ್ಲ. ಗಂಡನು ನಂಬುವದಿಲ್ಲ, ನೆರೆಯವರು ನಂಬುವದಿಲ್ಲ, ಅವಳು ಗಟ್ಟಿಯಾಗಿ ನಕ್ಕರೂ ಹುಚ್ಚು, ಸುಮ್ಮನಿದ್ದರೂ ಹುಚ್ಚು. ಕಡೆಗೆ ಆ ಸಂಶಯವೇ ಅವಳನ್ನು ಮತ್ತೆ ಕೆಡಹುವದು. ಕಲ್ಪನಾ ಎಂಬ ನಟಿಯು ಆ ಪಾತ್ರವನ್ನು ಮಾಡಿದ ರೀತಿಯನ್ನು ಇಂದಿಗೂ ಜನರು ನೆನಸುವರು. ನಮ್ಮ ಸಭೆಯ ತಾಯಂದಿರೆಲ್ಲಾ ಅದನ್ನು ನೋಡಿ ಸೆರಗಿನಿಂದ ಕಣ್ಣೊರಸಿಕೊಂಡರು. ನಮ್ಮ ಮನೆಯಲ್ಲಿಯೂ ನೋಡಿದೆವು. ನಮ್ಮ ಕಣ್ಣುಗಳೂ ಒದ್ದೆಯಾದವು.

ಮುಂದಿನ ಭಾನುವಾರ ಸುಗ್ಗಿಯ ಸ್ತೋತ್ರಾರಾಧನೆ. ಪ್ರೀತಿಭೋಜನಕ್ಕಾಗಿ ಹೆಂಗಸರು ಗುಡಾರದ ಕೆಳಗೆ ತರಕಾರಿ ಹೆಚ್ಚುತ್ತಿದ್ದರು. ಆ ಸಹೋದರಿಯು ಬಂದು ಈಳಿಗೆಮಣೆಯ ಮೇಲೆ ಕೂತು ಕುಂಬಳಕಾಯಿಯನ್ನು ಕೈಗೆ ತೆಗೆದುಕೊಂಡಳು. ಮಾತೆಲ್ಲಾ ನಿಂತಿತು. ಒಬ್ಬಾಕೆಯು ಎದ್ದು ಬಂದು, "ನೀನು ಯಾಕಮ್ಮಾ ಆಯಾಸ ಮಾಡಿಕೊಳ್ಳುತ್ತೀ, ಆ ಕಡೆ ನೆರಳಿನಲ್ಲಿ ಕೂತಿರು" ಎಂದು ಹೇಳಿ ಈಳಿಗೆಮಣೆಯನ್ನು ಮೆಲ್ಲಗೆ ಎಳೆದುಕೊಂಡಳು. ಮತ್ತೊಬ್ಬಾಕೆಯು ತನ್ನ ಮಗುವನ್ನು ಹತ್ತಿರಕ್ಕೆ ಕರೆದುಕೊಂಡಳು. ಯಾರೂ ಕಠಿಣವಾದ ಮಾತನ್ನಾಡಲಿಲ್ಲ. ನಾವು ಹತ್ತು ಮಾರು ದೂರದಲ್ಲಿ ನಿಂತು ಅದನ್ನು ನೋಡಿದೆವು. ನೋಡದವರಂತೆ ಬೇರೆ ಕಡೆಗೆ ತಿರುಗಿದೆವು. ಅಷ್ಟೇ ಅಲ್ಲ. ಆ ದಿವಸ ಸತ್ಯವೇದದ ಪಾಠವನ್ನು ತಾನು ಓದಬಹುದೋ ಎಂದು ಅವಳು ಬೆಳಿಗ್ಗೆಯೇ ನಮ್ಮನ್ನು ಕೇಳಿದ್ದಳು. ಮುಂದಿನ ತಿಂಗಳು ನೋಡುವ ಎಂದು ನಾವು ಹೇಳಿದ್ದೆವು. ಆರಾಧನೆಯ ನಡುವೆ ಏನಾದರೂ ಆಗಿಬಿಟ್ಟೀತೆಂಬ ಹೆದರಿಕೆಯು ನಮಗಿತ್ತು. ಕಾವೇರಿಗಾಗಿ ಅತ್ತ ಕಣ್ಣುಗಳಿಂದಲೇ ನಾವು ಈಕೆಯನ್ನು ಸಂಶಯದಿಂದ ನೋಡಿದೆವು.

ಮುಂದಿನ ತಿಂಗಳು ಅವಳು ಆರಾಧನೆಗೆ ಬರಲಿಲ್ಲ. ಮೂರು ತಿಂಗಳು ಬರಲಿಲ್ಲ. ಕಡೆಗೆ ನಾವೂ ನಮ್ಮ ಮನೆಯವರೂ ಅವಳ ಮನೆಗೆ ಹೋಗಿ ತಪ್ಪನ್ನು ಒಪ್ಪಿಕೊಂಡೆವು. ಅವಳು ನಮಗೆ ಮಣೆ ಹಾಕಿ, ಕುಡಿಯಲು ನೀರು ಕೊಟ್ಟು, ಬಹಳ ಹೊತ್ತು ಸುಮ್ಮನಿದ್ದಳು. ಆ ಮೇಲೆ ಹೇಳಿದಳು: "ಅಯ್ಯನವರೇ, ಆ ಸಿನಿಮಾ ನಾನೂ ನೋಡಿದೆ. ಎಲ್ಲರೂ ಅತ್ತರಂತೆ. ನನಗೆ ಅಳು ಬರಲಿಲ್ಲ. ಇಷ್ಟು ಜನ ಅವಳಿಗಾಗಿ ಅಳುತ್ತಾರಲ್ಲಾ, ಹಾಗಾದರೆ ನನ್ನನ್ನೂ ಹತ್ತಿರ ಸೇರಿಸುತ್ತಾರೆ ಅಂತ ಧೈರ್ಯ ಬಂತು. ಆ ಧೈರ್ಯದಿಂದಲೇ ಹಬ್ಬದ ದಿವಸ ಬಂದು ಈಳಿಗೆಮಣೆ ಮೇಲೆ ಕೂತೆ." ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಾರ್ಥನೆ ಮಾಡಿ ಎದ್ದು ಬಂದೆವು. ಈಗ ಅವಳು ಆರಾಧನೆಗೆ ಬರುತ್ತಾಳೆ. ಪಾಠವನ್ನೂ ಓದಿದ್ದಾಳೆ. ಹಾಡನ್ನು ಮಾತ್ರ ಮೊದಲಿನ ಹಾಗೆ ಎತ್ತಿ ಕೊಡುವದಿಲ್ಲ. ಬೇರೆಯವರು ಎತ್ತಿದರೆ ಮೆಲ್ಲನೆ ಸೇರಿಕೊಳ್ಳುತ್ತಾಳೆ.

ಅವಳ ಮಾತಿನಿಂದ ನಾವು ಒಂದು ಸಂಗತಿಯನ್ನು ಕಲಿತೆವು. ಕಥೆಯ ಜನರಿಗಾಗಿ ನಾವು ಅಳುವದನ್ನು ಬೇರೆಯವರು ನೋಡುತ್ತಿರುತ್ತಾರೆ. ಕಾವೇರಿಯಂಥವಳು, ನಂಜಮ್ಮನಂಥವಳು, ಚೋಮನಂಥವನು ನಮ್ಮ ಹಿಂದಿನ ಸಾಲಿನಲ್ಲಿಯೇ ಕೂತು, ನಮ್ಮ ಕಣ್ಣೀರನ್ನು ಕಂಡು, ಇವರ ಮನೆಯಲ್ಲಿ ನನಗೆ ಸ್ಥಳವುಂಟೆಂದು ಎಣಿಸುತ್ತಾರೆ. ನಮ್ಮ ಕಣ್ಣೀರು ಅವರಿಗೆ ಕೊಟ್ಟ ಮಾತು. ಅದನ್ನು ನಡಿಸದೆ ಹೋದರೆ, ಆಗ ಸುಳ್ಳಾಗುವದು ಕಥೆಯಲ್ಲ, ನಾವು. ಮನೋರೋಗವು ದೇಹದ ರೋಗದಂತೆಯೇ ಒಂದು ರೋಗವೆಂದೂ, ಔಷಧವೂ ಆರೈಕೆಯೂ ಇದ್ದರೆ ಅನೇಕರು ಗುಣವಾಗಿ ಎಂದಿನಂತೆ ಬಾಳುವರೆಂದೂ ನಾವು ಬಲ್ಲೆವು. ಬಲ್ಲೆವಾದರೂ ಈಳಿಗೆಮಣೆಯನ್ನು ಎಳೆದುಕೊಂಡೆವು.

ಹಾಗಾದರೆ ಕಥೆಗಳನ್ನು ಬಿಟ್ಟುಬಿಡುವದೋ? ಬೇಡವೆಂದೇ ನಮ್ಮ ಅಭಿಪ್ರಾಯ. ಅಮೆರಿಕ ದೇಶದಲ್ಲಿ ಬೋಧಕರೊಬ್ಬರ ಮಗಳಾದ ಹ್ಯಾರಿಯೆಟ್ ಬೀಚರ್ ಸ್ಟೋ ಎಂಬವರು ಅಂಕಲ್ ಟಾಮನ ಕಥೆಯನ್ನು 1852ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತಪ್ಪಿಸಿಕೊಂಡ ಇಬ್ಬರು ದಾಸಿಯರ ಗುಟ್ಟನ್ನು ಹೇಳಲೊಲ್ಲದೆ ಹೊಡೆಸಿಕೊಂಡು ಸತ್ತ ಆ ದಾಸನಿಗಾಗಿ ಲಕ್ಷಾಂತರ ಜನರು ಅತ್ತರು. ಆದರೆ ಅತ್ತವರಲ್ಲಿ ಅನೇಕರು ಕಣ್ಣೊರಸಿಕೊಂಡು ಮಲಗಲಿಲ್ಲ. ದಾಸತ್ವವು ನಿಲ್ಲಬೇಕೆಂದು ಮಾತಾಡಿದರು, ದುಡಿದರು. 1865ರಲ್ಲಿ ಆ ದೇಶದಲ್ಲಿ ದಾಸತ್ವವು ಕಾನೂನಿನಿಂದ ರದ್ದಾಯಿತು. ಅದಕ್ಕೆ ಕಾರಣಗಳು ಅನೇಕವಿದ್ದವು. ಘೋರವಾದ ಯುದ್ಧವೂ ನಡೆಯಿತು. ಆದರೂ ಹುಟ್ಟದಿದ್ದ ಒಬ್ಬ ಟಾಮನು, ಹುಟ್ಟಿ ಸರಪಣಿಯಲ್ಲಿದ್ದ ಅನೇಕರ ಪಕ್ಷವಾಗಿ ಸಾಕ್ಷಿ ಹೇಳಿದನೆಂಬದು ನಿಜವಾದ ಮಾತು.

ನಾವು ಒಕ್ಕಲುತನದ ಸೀಮೆಯವರು. ಹದವೆಂದರೆ ಏನೆಂದು ಬಲ್ಲೆವು. ಮಳೆ ಬಿದ್ದಾಗ ಕೆಂಪು ನೆಲವು ಮೆತ್ತಗಾಗುವದು. ಆಗ ಒಕ್ಕಲಿಗನು ಮಳೆಯನ್ನು ನೋಡಿ ಸಂತೋಷಪಟ್ಟು ಜಗಲಿಯಲ್ಲಿ ಕೂತಿರುವದಿಲ್ಲ. ಹದ ಆರುವದಕ್ಕೆ ಮುಂಚೆ ಕೂರಿಗೆ ಕಟ್ಟುವನು. ಹದ ತಪ್ಪಿದರೆ ಅದೇ ನೆಲವು ಮೊದಲಿಗಿಂತಲೂ ಗಟ್ಟಿಯಾಗಿ ಹೆಪ್ಪುಗಟ್ಟುವದು. ಕಥೆಯನ್ನು ಕೇಳಿ ಬರುವ ಕಣ್ಣೀರು ಹೃದಯಕ್ಕೆ ಬಿದ್ದ ಮಳೆ. ಅದು ಬೆಳೆಯಲ್ಲ, ಬಿತ್ತನೆಗೆ ದೊರೆತ ಹದ ಮಾತ್ರ. ಮತ್ತೆ ಮತ್ತೆ ನೆನೆದು, ಒಂದು ಸಾರಿಯೂ ಬಿತ್ತದೆ ಒಣಗಿದ ಹೃದಯವು, ಎಂದಿಗೂ ಅಳದವನ ಹೃದಯಕ್ಕಿಂತ ಕಠಿಣವಾಗಬಹುದು. ವಾಕ್ಯವನ್ನು ಕೇಳಿ ನಡಿಯದವರ ವಿಷಯದಲ್ಲಿ ಯಾಕೋಬನು ಎಚ್ಚರಿಸಿದ್ದು ಕಥೆ ಕೇಳುವವರಿಗೂ ಸಲ್ಲುವದು.

ಆದಕಾರಣ ಹೊಳೆನರಸೀಪುರದ ಕಡೆಯ ನಮ್ಮ ಹಿರಿಯರಿಗೂ, ಅವರ ಸೊಸೆಗೂ, ಓದುವ ನಿಮಗೆಲ್ಲರಿಗೂ ನಾವು ಈಗ ಹೇಳುವ ಉತ್ತರವಿದು. ಕರ್ಣನಿಗಾಗಿ ಅಳಿರಿ, ಧಾರಾವಾಹಿಯ ಸೊಸೆಗಾಗಿಯೂ ಅಳಿರಿ. ಟೀವಿಯನ್ನು ಆರಿಸಿ ಮಲಗುವದಕ್ಕೆ ಮುಂಚೆ ಎರಡು ಮಾತುಗಳನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಈ ಕಥೆಯಲ್ಲಿ ನಾನು ಯಾರು? ಇವಳಂಥವಳು ನಮ್ಮ ಬೀದಿಯಲ್ಲಿ ಯಾರು? ಮೊದಲನೆಯದಕ್ಕೆ ಉತ್ತರವು ಕೆಲವು ವೇಳೆ ನಮ್ಮನ್ನು ನಾಚಿಸುವದು. ಎರಡನೆಯದಕ್ಕೆ ಉತ್ತರವು ಒಂದು ಮನೆಯ ಬಾಗಲನ್ನು ತೋರಿಸುವದು. ಬೆಳಗಾದ ಮೇಲೆ ಆ ಬಾಗಲಿಗೆ ಹೋಗಿರಿ. ಹೋಗುವಾಗ ದೊಡ್ಡ ಉಪದೇಶವನ್ನು ತಕ್ಕೊಂಡು ಹೋಗಬೇಡಿರಿ. ಹೆಚ್ಚಬೇಕಾದ ತರಕಾರಿ ಇದ್ದರೆ ತಕ್ಕ���ಂಡು ಹೋಗಿ, ಈಳಿಗೆಮಣೆಯನ್ನು ಅವಳ ಕಡೆಗೆ ಸರಿಸಿ ಕೂತುಕೊಳ್ಳಿರಿ.

ಕಾಣದವರಿಗಾಗಿ ಕರಗುವ ಹೃದಯವನ್ನು ಕೊಟ್ಟ ದೇವರು, ಕಾಣುವವರಿಗಾಗಿ ಚಾಚುವ ಕೈಗಳನ್ನೂ ನಮಗೆ ಕೊಡಲಿ. ಆಮೆನ್.